ಗೋಡೆ ಮೇಲಿನ ಬೋರ್ಡು, ಲೈನ್ ಪಕ್ಕದ ಹಗ್ಗ



ಯಾವುದಾದರೂ ದೊಡ್ಡ ಕಂಪನಿಯ ರಿಸೆಪ್ಷನ್‌ಗೆ ಹೋಗಿ ನೋಡಿ. ಗೋಡೆ ಮೇಲೆ ಒಂದು ಚಂದದ ಬೋರ್ಡು ಇರುತ್ತೆ. ಪ್ರಾಮಾಣಿಕತೆ, ಪರಸ್ಪರ ಗೌರವ, ನಾವೆಲ್ಲ ಒಂದೇ ಕುಟುಂಬ. ವರ್ಕ್ ಕಲ್ಚರ್ ಅಂದ್ರೆ ಇದೇ ಅಂತಾರೆ. ಸರಿ, ಒಪ್ಪೋಣ. ಆದ್ರೆ ಈ ಕುಟುಂಬದಲ್ಲಿ ತಿಂಗಳ ಸಂಬಳ ಕಡಿಮೆ ಬಂದ್ರೆ ಯಾರನ್ನ ಕೇಳಬೇಕು?

2020ರ ಡಿಸೆಂಬರ್ 12 ನಿಮಗೆ ನೆನಪಿರಬೇಕು. ಕೋಲಾರ ಜಿಲ್ಲೆ ನರಸಾಪುರ, ಐಫೋನ್ ಜೋಡಿಸುವ ವಿಸ್ಟ್ರಾನ್ ಕಾರ್ಖಾನೆ. ನೈಟ್ ಶಿಫ್ಟ್ ಮುಗಿಸಿ ಹೊರಬಂದ ಹುಡುಗರು ಗಾಜು ಒಡೆದರು, ವಾಹನ ಉರುಳಿಸಿದರು. ಚಾನೆಲ್‌ಗಳಲ್ಲಿ ಆ ದಿನ ಓಡಿದ್ದು ಒಂದೇ ಲೆಕ್ಕ: ನಷ್ಟ ಎಷ್ಟು ಕೋಟಿ? ಒಡೆದದ್ದು ತಪ್ಪು, ಅದರಲ್ಲಿ ಎರಡು ಮಾತಿಲ್ಲ. ಆದರೆ ಒಂದೇ ವಾರದಲ್ಲಿ ಇನ್ನೊಂದು ಲೆಕ್ಕ ಹೊರಬಿತ್ತು. ಕೆಲವರಿಗೆ ಸರಿಯಾಗಿ, ಸಮಯಕ್ಕೆ ಸಂಬಳ ಕೊಟ್ಟಿಲ್ಲ ಅಂತ ಕಂಪನಿಯೇ ಒಪ್ಪಿಕೊಂಡಿತು. ಭಾರತದ ವ್ಯವಹಾರ ನೋಡುತ್ತಿದ್ದ ಉಪಾಧ್ಯಕ್ಷರನ್ನು ತೆಗೆದುಹಾಕಿತು. ವಿಸ್ಟ್ರಾನ್‌ಗೆ ಹೊಸ ಕೆಲಸ ಕೊಡಲ್ಲ ಅಂತ ಆಪಲ್ ಹೇಳಿತು.

ಅಲ್ಲಿದ್ದವರಲ್ಲಿ ಹೆಚ್ಚಿನವರು ಏಜೆನ್ಸಿಗಳ ಮೂಲಕ ಬಂದ ಕಾಂಟ್ರಾಕ್ಟ್ ಕಾರ್ಮಿಕರು. ಓಟಿ ದುಡ್ಡು ಬಂದಿಲ್ಲ ಅಂತ ಸೂಪರ್‌ವೈಸರ್‌ನ ಕೇಳಿದ್ರೆ ಏಜೆನ್ಸಿ ಕಡೆ ಕೈ ತೋರಿಸಬಹುದು, ಏಜೆನ್ಸಿಯವನು ಕಂಪನಿ ಕಡೆ. ಕೇಳೋಕೆ ಒಂದು ಬಾಗಿಲೇ ಇಲ್ಲದಿದ್ದರೆ ಹುಡುಗರು ಗೇಟಿಗೆ ಬರ್ತಾರೆ.

ಈಗ ಅಮೆರಿಕಕ್ಕೆ ಹೋಗೋಣ. ಇಂಜಿನಿಯರಿಂಗ್ ಓದಿದವನು ನಾನು, ಕಾರ್ಖಾನೆ ಕಥೆ ಅಂದ್ರೆ ಸ್ವಲ್ಪ ಉದ್ದ ಎಳೀತೀನಿ, ಸಹಿಸ್ಕೊಳ್ಳಿ. ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ ಜನರಲ್ ಮೋಟಾರ್ಸ್‌ನ ಕಾರು ಕಾರ್ಖಾನೆ ಇತ್ತು. ಕುಖ್ಯಾತ ಕಾರ್ಖಾನೆ. ಡ್ಯೂಟಿಯಲ್ಲೇ ಕುಡಿತ, ಜೂಜು. ಗೈರುಹಾಜರಿ ಶೇಕಡ 20ರವರೆಗೆ. ಸಿಟ್ಟಿಗೆ ಕಾರಿನ ಬಾಗಿಲೊಳಗೆ ಖಾಲಿ ಬಾಟಲಿ ಹಾಕಿ ಮುಚ್ಚುತ್ತಿದ್ದರಂತೆ, ಕೊಂಡವನಿಗೆ ಜೀವನಪೂರ್ತಿ ಗಡಗಡ ಸದ್ದು! 1982ರಲ್ಲಿ ಬೀಗ ಬಿತ್ತು.

1984ರಲ್ಲಿ ಅದೇ ಕಟ್ಟಡದಲ್ಲಿ ಟೊಯೋಟಾ ಮತ್ತು ಜನರಲ್ ಮೋಟಾರ್ಸ್ ಸೇರಿ ನುಮ್ಮಿ ಅನ್ನೋ ಹೊಸ ಕಂಪನಿ ಶುರು ಮಾಡಿದರು. ಕೆಲಸಕ್ಕೆ ಬಂದವರು ಯಾರು? ಬಹುಪಾಲು ಅದೇ ಹಳೇ ಜನ. ಅದೇ ಕಾರ್ಮಿಕ ಸಂಘ. ನೂರಾರು ಜನರನ್ನು ಜಪಾನಿಗೆ ತರಬೇತಿಗೆ ಕಳಿಸಿದರು. ಗೈರುಹಾಜರಿ ಶೇಕಡ 2ರ ಆಸುಪಾಸಿಗೆ ಇಳಿಯಿತು. ಅಮೆರಿಕದಲ್ಲೇ ಉತ್ತಮ ಗುಣಮಟ್ಟದ ಕಾರುಗಳು ಆ ಲೈನಿಂದ ಹೊರಬಂದವು.

ಏನು ಬದಲಾಯ್ತು? ಲೈನ್ ಪಕ್ಕದಲ್ಲಿ ಒಂದು ಹಗ್ಗ ಬಂತು.

ಹಳೇ ಕಾರ್ಖಾನೆಯಲ್ಲಿ ಲೈನ್ ನಿಲ್ಲಿಸುವಂತೆಯೇ ಇರಲಿಲ್ಲ. ಬೋಲ್ಟ್ ಸರಿಯಾಗಿ ಕೂರದಿದ್ರೂ ಕಾರು ಮುಂದೆ ಹೋಗಬೇಕು, ಕೊನೆಗೆ ಯಾರೋ ರಿಪೇರಿ ಮಾಡ್ತಾರೆ. ಹೊಸದರಲ್ಲಿ, ತೊಂದರೆ ಕಂಡ ಯಾವ ಕಾರ್ಮಿಕನಾದರೂ ಹಗ್ಗ ಎಳೆಯಬಹುದು. ಎಳೆದ ಕೂಡಲೇ ಟ್ಯೂನ್ ಕೇಳಿಸುತ್ತೆ, ಬೋರ್ಡಿನಲ್ಲಿ ಆ ಜಾಗದ ದೀಪ ಹತ್ತುತ್ತೆ, ಟೀಮ್ ಲೀಡರ್ ಓಡಿ ಬರ್ತಾನೆ. ಬಂದವನು ಬೈಯಲ್ಲ, ಏನಾಯ್ತು ಅಂತ ನೋಡ್ತಾನೆ, ಜೊತೆಗೆ ಕೈ ಹಾಕ್ತಾನೆ. ಅಷ್ಟರಲ್ಲಿ ಸರಿಹೋಗದಿದ್ರೆ ಇಡೀ ಲೈನ್ ನಿಲ್ಲುತ್ತೆ. ಒಂದೊಂದು ನಿಮಿಷಕ್ಕೂ ದುಡ್ಡು ಹೋಗುತ್ತೆ ಅಂತ ಗೊತ್ತಿದ್ದೂ ನಿಲ್ಲಿಸುವ ಅಧಿಕಾರವನ್ನು ಬೋಲ್ಟ್ ತಿರುಗಿಸುವವನ ಕೈಗೆ ಕೊಟ್ಟರು. ಗೌರವ ಅಂತ ಬೋರ್ಡು ಬರೆಸಿ ಹಾಕೋದಕ್ಕೂ ಇದಕ್ಕೂ ಎಷ್ಟು ಅಂತರ ನೋಡಿ! ಎಂಬತ್ತರ ದಶಕದ ಕೊನೆಗೆ ಮಾರಾಟ ಬಿದ್ದಾಗಲೂ ಅಲ್ಲಿ ಯಾರನ್ನೂ ಮನೆಗೆ ಕಳಿಸಲಿಲ್ಲ, ತರಬೇತಿಗೆ ಕೂರಿಸಿದರು. ಮಾತು ಕೊಟ್ಟಿದ್ದರು, ಉಳಿಸಿಕೊಂಡರು.

ಇದೇ ಪದ್ಧತಿಯನ್ನು ವಾನ್ ನೈಸ್ ಎಂಬಲ್ಲಿದ್ದ ತನ್ನ ಕಾರ್ಖಾನೆಗೂ ತರಲು ಜನರಲ್ ಮೋಟಾರ್ಸ್ ಹೋಯ್ತು. ಅಲ್ಲಿ ಹಗ್ಗವೂ ಬಂತು, ನಂಬಿಕೆ ಬರಲಿಲ್ಲ.  1992ರಲ್ಲಿ ಅದೂ ಮುಚ್ಚಿತು.

ಹಾಗಂತ ಟೊಯೋಟಾ ದೇವಲೋಕ ಅಂದ್ಕೋಬೇಡಿ. ನಮ್ಮ ಬಿಡದಿಯಲ್ಲಿ ಇರೋದೂ ಅದೇ ಟೊಯೋಟಾ. 2020ರ ನವೆಂಬರ್‌ನಲ್ಲಿ ಲಾಕೌಟ್ ಆಯ್ತು, ಕಾರ್ಮಿಕರು ತಿಂಗಳುಗಟ್ಟಲೆ ಮುಷ್ಕರ ಕೂತರು. ಅವರ ದೂರಿನಲ್ಲಿ ಮುಖ್ಯವಾದದ್ದೇ ಕೆಲಸದ ಒತ್ತಡ. ಪುಸ್ತಕದಲ್ಲಿ ಪಾಠವಾಗಿರುವ ಕಂಪನಿಯಲ್ಲೂ ಒಬ್ಬ ಹುಡುಗ 'ಇಷ್ಟು ವೇಗ ಆಗಲ್ಲ ಸರ್' ಅಂದಾಗ ಎದುರಿಗಿರುವವರು ಏನಂತಾರೆ ಅನ್ನೋದು ದಿನಾ ಹೊಸದಾಗಿ ತೀರ್ಮಾನ ಆಗುತ್ತೆ.

ನಮ್ಮ ನ್ಯೂಸ್‌ರೂಮ್‌ಗಳೂ ಹೊರತಲ್ಲ. ಬ್ರೇಕಿಂಗ್ ನ್ಯೂಸ್ ಹೊಡೆಯೋ ಹೊತ್ತಿಗೆ ನಿನ್ನೆ ಮೊನ್ನೆ ಸೇರಿದ ಟ್ರೈನಿ 'ಸರ್, ಇದು ಹಳೇ ವಿಡಿಯೋ' ಅಂದ್ರೆ ನಿಲ್ಲಿಸ್ತೀವಾ, ಇಲ್ಲಾ 'ನೀನು ಸುಮ್ನಿರಪ್ಪ' ಅಂತೀವಾ? ಎಡಿಟರ್ ಮಹಾಶಯರೂ ಇದನ್ನ ಕೇಳಿಸ್ಕೊಳ್ತಿದ್ದಾರೆ ಅಂತ ಅಂದ್ಕೊಂಡಿದೀನಿ.

ನರಸಾಪುರದ ಆ ಕಾರ್ಖಾನೆ 2023ರಲ್ಲಿ ಟಾಟಾ ಕೈಗೆ ಬಂತು. ಇವತ್ತೂ ಸುತ್ತಲ ಹಳ್ಳಿಗಳಿಂದ ಬಸ್ಸು ಹತ್ತಿ ಮಕ್ಕಳು ಕೆಲಸಕ್ಕೆ ಹೋಗ್ತಾರೆ, ಅಲ್ಲಿಗಷ್ಟೇ ಅಲ್ಲ, ಪೀಣ್ಯಕ್ಕೆ, ಹೊಸೂರಿಗೆ. ಇಂಟರ್‌ವ್ಯೂ ಕೊನೆಗೆ 'ನಿಮ್ಮ ಕಡೆಯಿಂದ ಏನಾದ್ರೂ ಕೇಳೋದಿದೆಯಾ' ಅಂತಾರಲ್ಲ, ಆಗ ಹೆಚ್ಚಿನವರು 'ಏನಿಲ್ಲ ಸರ್' ಅಂತ ಎದ್ದು ಬರ್ತಾರೆ. ನಿಮ್ಮ ಮನೆ ಮಗನಿಗೋ ಮಗಳಿಗೋ ಹೇಳಿ ಕಳಿಸಿ, ಒಂದು ಪ್ರಶ್ನೆ ಕೇಳಲಿ: 'ಸಂಬಳದ ಲೆಕ್ಕ ತಪ್ಪಾದ್ರೆ ನಾನು ಯಾರ ಹತ್ರ ಹೋಗಬೇಕು, ಅವರು ಎಷ್ಟು ದಿನದಲ್ಲಿ ಉತ್ತರ ಕೊಡ್ತಾರೆ?'