ಬೀಗದ ಕೈ ಯಾರ ಬಳಿ?

(ರಾಯದುರ್ಗದಲ್ಲಿ ಜೀನ್ಸ್ ಹೊಲಿಯುವವರ ಸಂಜೆ ಕೂಟದಲ್ಲಿ ಆಡಿದ ಮಾತು. ಮಡಕಶಿರದ ಕೂಟದಲ್ಲಿಯೂ ಇದನ್ನೇ ಹೇಳಿದೆವು.)



ಎರಡು ವಾರಗಳ ಹಿಂದೆ, ಇದೇ ಊರಿನಲ್ಲಿ ಪ್ಯಾಂಟು ಹೊಲಿಯುವ ಒಬ್ಬ ತಮ್ಮ ನಮ್ಮ ಬಳಿ ಬಂದು ಮೊಬೈಲು ತೋರಿಸಿದ. ಅದರಲ್ಲಿ ಒಂದು ಬೀಗದ ಚಿತ್ರ, ಕೆಳಗೆ 365 ದಿನ ಎಂಬ ಬರಹ. "ಅಣ್ಣಾ, ಕೈಯಾಗೆ 18,000 ಐತೆ. ಕಾಯಿನ್ ತಗೊಂಡು ಒಂದು ವರ್ಷ ಬೀಗ ಹಾಕಿದ್ರೆ ಬ್ಯಾಂಕಿಗಿಂತ ಜಾಸ್ತಿ ಬಡ್ಡಿ ಅಂತಾರೆ. ಹಾಕ್ಲಾ?" ಎಂದ. ಆ ಹಣ ಯಾವುದಕ್ಕೆ ಎಂದು ಕೇಳಿದೆವು. ಮಗಳ ಕಾಲೇಜಿಗೆ, ಜೂನ್ ತಿಂಗಳಿಗೆ ಬೇಕು ಎಂದ.

ಬೀಗ ಹಾಕುವುದು ತಪ್ಪೆಂದು ನಾವು ಅವನಿಗೆ ಹೇಳಲಿಲ್ಲ. ಪೀಸಿನ ಲೆಕ್ಕದಲ್ಲಿ ಕೂಲಿ ಪಡೆಯುವ ನಮಗೆಲ್ಲ ಗೊತ್ತಿರುವ ಸಂಗತಿ ಇದು: ಶನಿವಾರ ಬಂದ ಹಣ ಸೋಮವಾರದ ಹೊತ್ತಿಗೆ ಕೈಯಲ್ಲಿರುವುದಿಲ್ಲ. ಮನೆಯಲ್ಲಿ ಹಣವಿದೆ ಎಂದು ತಿಳಿದರೆ ಕೇಳುವವರು ಎಷ್ಟೋ ಮಂದಿ. ಇಲ್ಲ ಎನ್ನಲು ಬಾಯಿ ಬರುವುದಿಲ್ಲ. ಮಣ್ಣಿನ ಹುಂಡಿಯನ್ನು ಒಡೆಯದೆ ಕಾಸು ತೆಗೆಯಲಾಗದಂತೆ ಮಾಡಿದವರು ಬುದ್ಧಿವಂತರು. ಮಡಕಶಿರದ ಕಡೆಯಿಂದ ಬೆಂಗಳೂರಿಗೆ ದುಡಿಯಲು ಹೋಗುವ ಅಕ್ಕಂದಿರು ಚೀಟಿ ಕಟ್ಟುವುದೂ ಇದೇ ಕಾರಣಕ್ಕೆ. ಚೀಟಿಗೆ ಹೋದ ಹಣವನ್ನು ಗಂಡನೂ ಕೇಳಲಾರ. ಆದುದರಿಂದ ಬೀಗ ಬಡವನ ಸ್ನೇಹಿತನೇ ಹೌದು. ಆದರೆ ಹುಂಡಿ ಇರುವುದು ನಮ್ಮ ಗೂಡಿನಲ್ಲಿ. ಈ ಮೊಬೈಲಿನ ಹುಂಡಿ ಎಲ್ಲಿದೆ?

ಇದನ್ನು ಸ್ವಲ್ಪ ಬಿಡಿಸಿ ನೋಡೋಣ. ಕ್ರಿಪ್ಟೋ ಕರೆನ್ಸಿ ಎಂದರೆ ಕಂಪ್ಯೂಟರಿನ ಲೆಕ್ಕದಲ್ಲಿ ಮಾತ್ರ ಇರುವ ನಾಣ್ಯ. ಇದಕ್ಕೆ ಹಾಕುವ ಬೀಗದಲ್ಲಿ ಎರಡು ಜಾತಿ. ಒಂದು, ಆ ಲೆಕ್ಕವೇ ಹಾಕಿಕೊಳ್ಳುವ ಬೀಗ. ಈಥರ್ ಎಂಬ ನಾಣ್ಯವನ್ನು 2020ರ ಡಿಸೆಂಬರ್‌ನಿಂದ ಹೀಗೆ ಕಟ್ಟಿಡಲು ಅವಕಾಶವಾಯಿತು. ಯಾವಾಗ ತೆಗೆಯಬಹುದು ಎಂಬುದಕ್ಕೆ ಆಗ ತಾರೀಖೇ ಇರಲಿಲ್ಲ. 2023ರ ಏಪ್ರಿಲ್‌ನಲ್ಲಿ ಬೀಗ ತೆರೆಯಿತು, ಇಟ್ಟವರು ತೆಗೆದುಕೊಂಡರು. ಇದು ನಿಜವಾದ ಬೀಗವೆಂದು ಒಪ್ಪೋಣ. ಆದರೆ ಸ್ವಂತವಾಗಿ ಹಾಗೆ ಕಟ್ಟಿಡಲು 32 ಈಥರ್ ಬೇಕು; ಅಂದರೆ ಹತ್ತಾರು ಲಕ್ಷ ರೂಪಾಯಿ. ಹೊಲಿಗೆಯವನ ಬಳಿ ಅಷ್ಟೆಲ್ಲಿ? ಅದಕ್ಕೇ ನಡುವೆ ಒಬ್ಬ ಬರುತ್ತಾನೆ: ನಿಮ್ಮ ಸಣ್ಣ ಹಣ ಕೊಡಿ, ನಾವು ಒಟ್ಟುಗೂಡಿಸಿ ಇಡುತ್ತೇವೆ ಎನ್ನುತ್ತಾನೆ. ಇದು ಎರಡನೆಯ ಜಾತಿ. ಇಲ್ಲಿ ಬೀಗ ನಮಗೆ, ಬೀಗದ ಕೈ ಅವನಿಗೆ. ನಮಗೆ ವರ್ಷವಿಡೀ ಮುಟ್ಟಲಾಗದ ಹಣವನ್ನು ಅವನು ಮರುದಿನವೇ ಇನ್ನೊಬ್ಬರಿಗೆ ಸಾಲ ಕೊಡಬಹುದು. ಹೆಚ್ಚಿನ ಬಡ್ಡಿ ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆಗೆ ಬಹಳ ಸಲ ಉತ್ತರ ಇದೇ.

ಅಮೆರಿಕದಲ್ಲಿ ಸೆಲ್ಸಿಯಸ್ ಎಂಬ ಕಂಪನಿ ಇತ್ತು. 2022ರ ಜೂನ್ 12ರಂದು ಹಣ ತೆಗೆಯುವುದನ್ನು ನಿಲ್ಲಿಸಿತು, ಮುಂದಿನ ತಿಂಗಳು ದಿವಾಳಿ ಅರ್ಜಿ ಹಾಕಿತು. ನಮ್ಮ ನಾಣ್ಯ ನಮಗೆ ಕೊಡಿ ಎಂದು ಜನ ಕೋರ್ಟಿಗೆ ಹೋದರು. ಬಡ್ಡಿಗಾಗಿ ಇಟ್ಟ ನಾಣ್ಯಗಳು ಕಂಪನಿಯ ಸ್ವತ್ತು, ಕರಾರಿನಲ್ಲಿ ನೀವು ಹಾಗೆ ಒಪ್ಪಿದ್ದೀರಿ ಎಂದು 2023ರ ಜನವರಿಯಲ್ಲಿ ತೀರ್ಪಾಯಿತು. ಇಟ್ಟವರು ಯಜಮಾನರಲ್ಲ, ಸಾಲಗಾರರ ಬಾಗಿಲಲ್ಲಿ ಸಾಲು ನಿಂತವರು! ಆ ಕರಾರನ್ನು ಎಷ್ಟು ಮಂದಿ ಓದಿದ್ದರೋ. ನಾವಾದರೂ ಮೊಬೈಲಿನಲ್ಲಿ ಒಪ್ಪಿಗೆ ಎಂಬ ಗುಂಡಿಯನ್ನು ಓದದೆಯೇ ಒತ್ತುವವರೇ.

ಅಮೆರಿಕ ದೂರ ಎನ್ನುವಿರಾ? ವಾಲ್ಡ್ ಎಂಬ ಕಂಪನಿಯ ಕಚೇರಿ ಸಿಂಗಾಪುರದಲ್ಲಿ, ಗ್ರಾಹಕರು ಬಹಳ ಮಂದಿ ನಮ್ಮ ದೇಶದವರು. ಬ್ಯಾಂಕಿನ ಹಾಗೆಯೇ ನಿಗದಿತ ಅವಧಿಯ ಠೇವಣಿ ಎಂಬ ಹೆಸರಿನಲ್ಲಿ ನಾಣ್ಯಗಳನ್ನು ಇಟ್ಟುಕೊಳ್ಳುತ್ತಿತ್ತು. ಅದೇ ಜೂನ್ 12ರಿಂದ ಮೂರು ವಾರಗಳಲ್ಲಿ ಜನ ಹೆದರಿ ಸುಮಾರು 20 ಕೋಟಿ ಡಾಲರ್ ತೆಗೆದುಕೊಂಡರು. ಜುಲೈ 4ರಂದು ಬಾಗಿಲು ಮುಚ್ಚಿತು. ಇದನ್ನು ಗಮನಿಸಿ: ಹೀಗೆ ಓಟ ಶುರುವಾದಾಗ ಬೀಗ ಹಾಕದವನು ಓಡಿ ಹೋಗಿ ತನ್ನದನ್ನು ಎತ್ತಿಕೊಳ್ಳುತ್ತಾನೆ. ತಾರೀಖಿಗೆ ಕಾಯುವವನು ಖಾಲಿ ಪೆಟ್ಟಿಗೆಗೆ ಕಾವಲು.

ಗೇನ್‌ಬಿಟ್‌ಕಾಯಿನ್ ಕಥೆಯನ್ನು ಚಿಕ್ಕದಾಗಿ ಹೇಳಿಬಿಡುತ್ತೇವೆ. ಬಿಟ್‌ಕಾಯಿನ್ ಕೊಡಿ, 18 ತಿಂಗಳು ತಿಂಗಳಿಗೆ ನೂರಕ್ಕೆ 10ರಂತೆ ಕೊಡುತ್ತೇವೆ ಎಂದರು. ಕೊನೆಗೆ ತಾವೇ ಹುಟ್ಟಿಸಿದ ಕಡಿಮೆ ಬೆಲೆಯ ಬೇರೊಂದು ನಾಣ್ಯವನ್ನು ಕೈಗೆ ಹಾಕಿದರು. ಸಿಬಿಐ ಈ ಮೊಕದ್ದಮೆಯಲ್ಲಿ 2025ರ ಫೆಬ್ರವರಿಯಲ್ಲಿಯೂ ಊರೂರು ಶೋಧ ನಡೆಸಿತು.

ಎಲ್ಲರೂ ಮೋಸಗಾರರಲ್ಲ, ಸರಿ. ಪ್ರಾಮಾಣಿಕನ ಬಳಿಯೇ ಇಟ್ಟೆವು ಎನ್ನೋಣ. 2021ರ ನವೆಂಬರ್‌ನಲ್ಲಿ ಒಂದು ಬಿಟ್‌ಕಾಯಿನ್ ಸುಮಾರು 69,000 ಡಾಲರ್ ತನಕ ಹೋಗಿತ್ತು. ಒಂದು ವರ್ಷ ಕಳೆದು ನೋಡಿದರೆ ಸುಮಾರು 16,000. ಆಗ 10,000 ರೂಪಾಯಿಯದನ್ನು ವರ್ಷಕ್ಕೆ ಬೀಗ ಹಾಕಿದವನು ನೂರಕ್ಕೆ ಹತ್ತು ಬಡ್ಡಿ ಸೇರಿಸಿಕೊಂಡರೂ 3,000 ನೋಡುತ್ತಿರಲಿಲ್ಲ. ಬೆಲೆ ಬೀಳುವುದನ್ನು ಕಣ್ಣಾರೆ ಕಾಣಬಹುದು, ಮಾರುವಂತಿಲ್ಲ. 2024ರ ಡಿಸೆಂಬರ್‌ನಲ್ಲಿ ಅದೇ ನಾಣ್ಯ ಒಂದು ಲಕ್ಷ ಡಾಲರ್ ದಾಟಿತು, ನಿಜ. ಕಾಯಬಲ್ಲವನು ಗೆದ್ದ. ಕಾಲೇಜು ಫೀಸು ಕಾಯುತ್ತದೆಯೇ?

ಈ ಜಿಲ್ಲೆಯವರಿಗೆ ಅಗ್ರಿಗೋಲ್ಡ್ ಹೆಸರು ಹೇಳಿಕೊಡಬೇಕಾಗಿಲ್ಲ. ಅದರಲ್ಲಿ ಕ್ರಿಪ್ಟೋ ಇರಲಿಲ್ಲ, ಮೊಬೈಲೂ ಬೇಕಿರಲಿಲ್ಲ. ಅವಧಿ ಮುಗಿದಾಗ ನಿವೇಶನ, ಇಲ್ಲವೇ ದೊಡ್ಡ ಮೊತ್ತ ಎಂಬ ಮಾತು. ಸುಮಾರು 32 ಲಕ್ಷ ಖಾತೆಗಳು, 6,380 ಕೋಟಿ ರೂಪಾಯಿ. 10,000ದೊಳಗಿನವರಿಗೆ ಆಂಧ್ರ ಸರ್ಕಾರ 2019ರಲ್ಲಿ ಹಣ ಕೊಟ್ಟಿತು, 20,000ದವರೆಗಿನವರಿಗೆ 2021ರಲ್ಲಿ. ಅದೂ ಬೊಕ್ಕಸದಿಂದ, ಅಂದರೆ ನಮ್ಮೆಲ್ಲರ ಕಂದಾಯದಿಂದ. ಇಂಥ ಯೋಜನೆಗಳಿಗೆ ಜನ ಸೇರಿಸುವವರಲ್ಲಿ ಕೆಲವರು ತಲಾಂತುಗಳ ಸಾಮ್ಯವನ್ನು ಕೂಡ ಎತ್ತುತ್ತಾರೆ: ಹಣವನ್ನು ಹೂತಿಟ್ಟ ಆಳನ್ನು ಧಣಿ ಗದರಿಸಲಿಲ್ಲವೇ ಎಂದು. ಹೌದು, ಗದರಿಸಿದ. ಸಾಹುಕಾರನಲ್ಲಿ ಇಡಬೇಕಿತ್ತು ಎಂದನೇ ಹೊರತು ಊರು ಹೆಸರು ಗೊತ್ತಿಲ್ಲದವನಲ್ಲಿ ಇಡು ಎನ್ನಲಿಲ್ಲ.

ಬ್ಯಾಂಕು ಮುಳುಗಿದರೆ ಒಬ್ಬರಿಗೆ 5 ಲಕ್ಷದವರೆಗೆ ವಿಮೆ ಉಂಟು. 2020ರವರೆಗೆ ಅದು ಒಂದೇ ಲಕ್ಷವಿತ್ತು. ಅಂಚೆ ಕಚೇರಿಯ ಉಳಿತಾಯಕ್ಕೆ ಕೇಂದ್ರ ಸರ್ಕಾರವೇ ಹೊಣೆ. ತಿಂಗಳಿಗೆ 100 ರೂಪಾಯಿಯಿಂದ ಆರ್‌ಡಿ ಕಟ್ಟಬಹುದು. ಅದೂ ಐದು ವರ್ಷದ ಬೀಗವೇ, ಆದರೆ 12 ಕಂತು ಕಟ್ಟಿದ ಮೇಲೆ ಅರ್ಧದಷ್ಟು ಸಾಲ ಸಿಗುತ್ತದೆ, ಮೂರು ವರ್ಷವಾದರೆ ಮುಚ್ಚಬಹುದು. ಬ್ಯಾಂಕಿನ ಠೇವಣಿಯನ್ನು ಬಡ್ಡಿ ಸ್ವಲ್ಪ ಬಿಟ್ಟುಕೊಟ್ಟು ಮುರಿಯಬಹುದು. ಆಸ್ಪತ್ರೆಗೆ ಓಡುವ ರಾತ್ರಿಗಾಗಿ ಈ ಬೀಗಗಳಲ್ಲಿ ಒಂದು ಕಿಂಡಿ ಇದೆ. ನಾಣ್ಯದ ಠೇವಣಿಗೆ ವಿಮೆ ಇಲ್ಲ. 2022ರಿಂದ ಅದರ ಲಾಭದ ಮೇಲೆ ನೂರಕ್ಕೆ 30 ತೆರಿಗೆ ಇದೆ. ತೆರಿಗೆ ಹಾಕಿದ್ದಾರೆಂದರೆ ಸರ್ಕಾರ ಜಾಮೀನು ನಿಂತಿದೆ ಎಂದು ಕೆಲವರು ತಿಳಿದಿದ್ದಾರೆ. ಹೆಂಡದ ಮೇಲೂ ತೆರಿಗೆ ಇದೆಯಲ್ಲ.

ಆ ತಮ್ಮನ ಸಂಗತಿ ಹೇಳಿ ಮುಗಿಸುತ್ತೇವೆ. ಅವನು ನಮ್ಮನ್ನು ಕೇಳಲು ಬರುವ ಮೊದಲೇ 5,000 ಬೀಗದೊಳಗೆ ಹಾಕಿಬಿಟ್ಟಿದ್ದ. ಅದನ್ನು ಹೇಳಲು ನಾಚಿಕೆಪಟ್ಟಿದ್ದ. ಉಳಿದ 13,000ವನ್ನು ಮರುದಿನ ಅವನ ಹೆಂಡತಿಯೇ ಬಂದು ತನ್ನ ಹೆಸರಿನಲ್ಲಿ ಬ್ಯಾಂಕಿನಲ್ಲಿಟ್ಟಳು. ಫಾರಂ ತುಂಬಿಕೊಟ್ಟೆವು. ಜೂನ್‌ಗೆ 5,000 ಕಡಿಮೆ ಬೀಳುತ್ತದೆ, ಮೇಸ್ತ್ರಿಯ ಬಳಿ ಮುಂಗಡ ಕೇಳಬೇಕು. ಮೇಸ್ತ್ರಿಯ ಹತ್ತಿರ ಅವನೊಂದಿಗೆ ನಮ್ಮಲ್ಲಿ ಇಬ್ಬರು ಹೋಗುವುದೆಂದು ಮಾತಾಗಿದೆ. ಭಾನುವಾರ ಸಂಜೆ ಯಾರು ಬರುತ್ತೀರಿ, ಈಗಲೇ ಹೇಳಿ.