ಹೆಸರು ಕೂಗಿದಾಗ

ಟಿಕೋಟಾ, ಬಬಲೇಶ್ವರದಿಂದ ಬೆಳಗಿನ ಬಸ್ಸು ಹಿಡಿದು ವಿಜಯಪುರದ ದವಾಖಾನೆಗೆ ಬರುವವರಲ್ಲಿ ಕಿವಿ ಕೇಳದವರೂ ಇರುತ್ತಾರೆ. ಚೀಟಿ ಮಾಡಿಸಿ ಕೂತಿರುತ್ತಾರೆ. ಒಳಗಿನಿಂದ ಹೆಸರು ಕೂಗುತ್ತಾರೆ, ಪಾಳಿ ದಾಟಿ ಹೋಗುತ್ತದೆ. ಡಾಕ್ಟರು ಮಾಸ್ಕ್ ಹಾಕಿದ್ದರೆ ತುಟಿಯ ಚಲನೆಯೂ ಕಾಣದು. ಆಗ ಅವ್ವನ ಗರ್ಭಕೋಶದ ತೊಂದರೆಯನ್ನು ಶಾಲೆಗೆ ಹೋಗುವ ಮಗ ಹೇಳಬೇಕಾಗುತ್ತದೆ. ಯಾವ ತಾಯಿ ಎಲ್ಲವನ್ನೂ ಮಗನ ಮುಂದೆ ಬಿಚ್ಚಿಡುತ್ತಾಳೆ? ಬರೆದು ತೋರಿಸಿದರಾಯಿತು ಎನ್ನುವವರಿದ್ದಾರೆ. ಸನ್ನೆ ಭಾಷೆಯಲ್ಲೇ ಬೆಳೆದ ಎಷ್ಟೋ ಮಂದಿಗೆ ಬರಹದ ಕನ್ನಡ ಎರಡನೆಯ ಭಾಷೆ.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಸರ್ಕಾರಿ, ಖಾಸಗಿ ಆಸ್ಪತ್ರೆಗಳೆರಡರಲ್ಲೂ ಅಡೆತಡೆ ಇರಬಾರದೆನ್ನುತ್ತದೆ. ರ‍್ಯಾಂಪ್ ಕಟ್ಟಿದೊಡನೆ ಆ ಹೊಣೆ ಮುಗಿಯಲಿಲ್ಲ. ಪಾಳಿಯ ಸಂಖ್ಯೆ ತೋರಿಸುವ ಫಲಕ ಬೇಕು. ಮೊಬೈಲಿನ ವಿಡಿಯೊ ಕರೆಯಲ್ಲಾದರೂ ಸನ್ನೆ ಭಾಷೆಯ ದುಭಾಷಿ ಸಿಗಬೇಕು. ವೈದ್ಯರು ಜೊತೆಗೆ ಬಂದವರನ್ನಲ್ಲ, ಆ ತಾಯಿಯನ್ನೇ ನೋಡಿ ಕೇಳಬೇಕು.