ಮಾತು ಬಾರದ ಮಗುವಿಗೂ ಹೇಳುವುದಿದೆ



ಮಗುವಿಗೆ ನಾಲ್ಕು ವರ್ಷವಾದರೂ ಮಾತಿಲ್ಲ, ಕರೆದರೆ ತಿರುಗಿ ನೋಡುವುದಿಲ್ಲ ಎಂದು ಅನೇಕರು ಕಣ್ಣೀರಿಡುತ್ತ ಬರುತ್ತಾರೆ. ಬಜೆ ತೇಯ್ದು ನಾಲಿಗೆಗೆ ಹಚ್ಚಿ, ಹರಕೆ ಹೊತ್ತು ದಣಿದಿರುತ್ತಾರೆ.

ಮೊದಲು ಕಿವಿಯ ಪರೀಕ್ಷೆ ಮಾಡಿಸಿರಿ. ಕಿವಿ ಸರಿಯಿದ್ದೂ ಹೀಗಿದ್ದರೆ ಅದು ಆಟಿಸಂ ಇರಬಹುದು. ಇದು ಮೆದುಳಿನ ಬೆಳವಣಿಗೆಗೆ ಸಂಬಂಧಿಸಿದ್ದು. ತಾಯಿಯ ತಪ್ಪಿನಿಂದಾಗಲಿ, ಲಸಿಕೆಯಿಂದಾಗಲಿ ಬರುವುದಲ್ಲ.

"ನೀರು ಎಂದರೆ ಮಾತ್ರ ಕೊಡುತ್ತೇನೆ" ಎಂದು ಮಗುವನ್ನು ಬಾಯಾರಿಸಬೇಡಿರಿ. ನಿಮ್ಮ ಕೈ ಹಿಡಿದು ಕೊಡದ ಕಡೆಗೆ ಎಳೆಯುವುದೇ ಅದರ ಮಾತು. ಲೋಟ ತೋರಿಸಿ, "ನೀರು" ಎಂದು ಸ್ಪಷ್ಟವಾಗಿ ಹೇಳಿ, ಕೂಡಲೇ ಕೊಡಿರಿ. ನೀರು, ಊಟ, ಶೌಚ, ಆಟ ಇವುಗಳ ಚಿತ್ರಗಳನ್ನು ರಟ್ಟಿಗೆ ಅಂಟಿಸಿ, ಬೇಕಾದುದನ್ನು ಎತ್ತಿ ಕೊಡುವುದನ್ನು ಕಲಿಸಿರಿ. ಚಿತ್ರ ಬಳಸಿದರೆ ಮಾತೇ ಬಾರದೆಂಬ ಭಯ ಬೇಡ, ಹಾಗಾಗುವುದಿಲ್ಲ. ಹೇಳಿಕೊಳ್ಳಲು ದಾರಿ ಸಿಕ್ಕರೆ ಕಿರುಚಾಟವೂ ಎಷ್ಟೋ ಕಡಿಮೆಯಾಗುತ್ತದೆ.

ಮಗು ಒಮ್ಮೆಲೇ ಅತ್ತು ತಲೆ ಜಜ್ಜಿಕೊಳ್ಳತೊಡಗಿದರೆ ಹಟವೆಂದು ಹೊಡೆಯಬೇಡಿರಿ. ಹಲ್ಲು, ಕಿವಿ, ಹೊಟ್ಟೆ ನೋಯುತ್ತಿರಬಹುದು. ವೈದ್ಯರಿಗೆ ತೋರಿಸಿರಿ.

ಹೆಚ್ಚಿನ ತಪಾಸಣೆ, ತರಬೇತಿಗೆ ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ, ಬೆಂಗಳೂರಿನ ನಿಮ್ಹಾನ್ಸ್ ಇವೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಆಟಿಸಂ ಸೇರಿದೆ; ಪ್ರಮಾಣಪತ್ರ ಮಾಡಿಸಿಕೊಳ್ಳಿರಿ.

ಕೆಲವು ಮಕ್ಕಳು ತಡವಾಗಿ ಮಾತನಾಡುತ್ತಾರೆ, ಕೆಲವರು ಮಾತನಾಡುವುದೇ ಇಲ್ಲ. ಆಡದಿದ್ದರೂ ನಿಮ್ಮ ಮಾತು ಅವರಿಗೆ ತಿಳಿಯುತ್ತಿರಬಹುದು. ಆದ್ದರಿಂದ ಮಗುವಿನ ಎದುರು "ಮೂಗ", "ಹುಚ್ಚ" ಎನ್ನಲು ಯಾರಿಗೂ ಬಿಡಬೇಡಿರಿ.